ಗಾಡಿ ದಾಟ್ಲಿ

ಫ್ಲೋರಾ ಪೆಣಕರ್‌ಗೆ ಎಪ್ಪತ್ತಮೂರು ವರ್ಷ. ಈಗ ಇರುವುದು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ, ಮಗ ಸ್ಯಾಮ್ಸನ್‌ನ ಮನೆಯಲ್ಲಿ. ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ರೈಲಿನ ಗಾರ್ಡ್. ಕೊಂಕಣದಿಂದ ಬಂದ ಯಹೂದಿ ಕುಟುಂಬ ಅದು. ಒಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಸಿಡ್ನಿಗೆ ಬಂದ ಮೇಲೆ ಅದೇನಾಯಿತೋ, ಹೊಸ್ತಿಲಾಚೆಯ ಕನ್ನಡವೇ ಒಳಗೆ ಬಂದು ಕಾಲು ಚಾಚಿ ಕೂತುಬಿಟ್ಟಿತು.

ಇಲ್ಲಿ ಅವಳು ಯಾರೆಂಬುದೇ ಎಲ್ಲರಿಗೂ ಅನುಮಾನ. ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಬಿಳಿ ಹೆಂಗಸರು, ನೀವು ಮದುವೆಯಾಗಿ ಮತಾಂತರ ಆದವರಾ ಎಂದು ನಯವಾಗಿ ಕೇಳುತ್ತಾರೆ. ಕನ್ನಡ ಸಂಘದ ದೀಪಾವಳಿಗೆ ಹೋದರೆ "ಆಂಟಿ, ನೀವು ಕ್ರಿಶ್ಚಿಯನ್ಸ್ ಅಲ್ವಾ?" ಎನ್ನುತ್ತಾರೆ. ತಲೆತಲಾಂತರದ ಕಥೆಯನ್ನು ಪಲಾವಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಹೇಳಲಾದೀತೆ? ಫ್ಲೋರಾ ನಕ್ಕು ತಟ್ಟೆ ಮುಂದೆ ಚಾಚುತ್ತಿದ್ದಳು. ಗಾಜಾದ ಯುದ್ಧ ಶುರುವಾದ ಮೇಲೆ ಮಾತ್ರ ಎರಡೂ ಕಡೆಯವರು ಒಂದೇ ಪ್ರಶ್ನೆ ಕೇಳತೊಡಗಿದರು. ನೀವು ಯಾವ ಕಡೆ?

ಆಗೆಲ್ಲ ಅವಳಿಗೆ ಹುಬ್ಬಳ್ಳಿಯ ಪಕ್ಕದ ಮನೆಯ ನೀಲಕ್ಕ ನೆನಪಾಗುತ್ತಿದ್ದಳು. ನೀಲಕ್ಕ ಏನನ್ನೂ ಕೇಳಿದವಳಲ್ಲ. ಶನಿವಾರ ಈ ಮನೆಯವರು ಬೆಂಕಿ ಮುಟ್ಟುವುದಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತು. ಬೆಳಿಗ್ಗೆ ತಾನಾಗಿಯೇ ಬಂದು ಒಲೆ ಹಚ್ಚಿ, ಎರಡು ಮಾತಾಡಿ ಹೋಗುತ್ತಿದ್ದಳು.

ಯಾವ ಕಡೆ ಎಂಬ ಪ್ರಶ್ನೆ ಒಂದು ದಿನ ಮನೆಯೊಳಗೂ ಬಂತು. ಮೊಮ್ಮಗಳು ತಮಾರ್ ಮೆಲ್ಬರ್ನಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮೆರವಣಿಗೆಯೊಂದರಲ್ಲಿ, ಯಹೂದಿಯಾಗಿ ನಾನು ಈ ಯುದ್ಧ ಬೇಡವೆನ್ನುತ್ತೇನೆ ಎಂಬ ಬೋರ್ಡು ಹಿಡಿದು ನಿಂತ ಅವಳ ಫೋಟೋ ಅಪ್ಪ ಸ್ಯಾಮ್ಸನ್‌ನ ವಾಟ್ಸ್ಯಾಪಿಗೆ ಬಂತು. ಫ್ಲೋರಾಳ ತಂಗಿ ಇಸ್ರೇಲಿನಲ್ಲಿದ್ದಾಳೆ. ಸೈರನ್ ಕೂಗಿದಾಗಲೆಲ್ಲ ಮಂಡಿನೋವಿನಲ್ಲೇ ಮೆಟ್ಟಿಲಿಳಿದು ಬಂಕರಿಗೆ ಓಡುವವಳು. ಆ ಚಿಕ್ಕಮ್ಮನ ಕೈಯಲ್ಲೇ ಸ್ಯಾಮ್ಸನ್ ಬೆಳೆದದ್ದು. ಅಪ್ಪ ಮಗಳು ಫೋನಿನಲ್ಲೇ ಹತ್ತಿ ಉರಿದರು. "ನನ್ನ ಮನಿಗೆ ಬರಬ್ಯಾಡ," ಎಂದುಬಿಟ್ಟ. ಅದಾಗಿ ಹತ್ತು ತಿಂಗಳು. ತಂಗಿಯನ್ನು ನೆನೆದರೆ ಫ್ಲೋರಾಳ ಕರುಳು ಚುರುಕ್ ಎನ್ನುತ್ತಿತ್ತು. ಟೀವಿಯಲ್ಲಿ ಗಾಜಾದ ಸತ್ತ ಮಕ್ಕಳನ್ನು ಕಂಡಾಗಲೂ ಹಾಗೆಯೇ. ಇದನ್ನು ಹೇಳಿದರೆ ಇಬ್ಬರಿಗೂ ಸಿಟ್ಟು.

ತಮಾರ್ ಏಳು ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಫ್ಲೋರಾ ಪ್ರವಾದಿ ಎಲಿಯಾಹುವಿಗೆ ಹರಕೆ ಹೊತ್ತಿದ್ದಳು: ಈ ಕೂಸು ತನ್ನ ಕಾಲ ಮೇಲೆ ನಿಂತ ದಿನ ಮಲೀದಾ ಮಾಡಿಸುತ್ತೇನೆ. ಮಲೀದಾ ಎಂದರೆ ಘನಂದಾರಿ ಅಡುಗೆಯೇನಲ್ಲ. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಮೇಲೆ ಐದು ಬಗೆಯ ಹಣ್ಣು. ತಟ್ಟೆಯ ಸುತ್ತ ಕೂತು ಎಲಿಯಾಹುವಿನ ಹಾಡು ಹೇಳಿ ಹಂಚಿಕೊಳ್ಳುವುದು. ಈಗ ತಮಾರ್‌ಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಆ ತಟ್ಟೆಯ ಸುತ್ತ ಅಪ್ಪ ಮಗಳು ಇಬ್ಬರೂ ಕೂರಬೇಕು, ಫ್ಲೋರಾಗೆ ಬೇಕಾದದ್ದು ಅದೊಂದೇ.

"ಆಕಿ ಈ ಮನ್ಯಾಗ ಕಾಲಿಡಂಗಿಲ್ಲ, ಆಯಿ," ಎಂದ ಸ್ಯಾಮ್ಸನ್.

"ಹಂಗಾರ ನಾನ ಅಲ್ಲಿಗೆ ಹೊಂಟೇನಿ. ದೇವರಿಗೆ ಕೊಟ್ಟ ಮಾತು, ನಿನ್ನ ಸಿಟ್ಟು ಇಳಿಯೂತನ ಕಾಯಾಕ ಆಗೂದಿಲ್ಲ."

ಭಾನುವಾರ ಮಧ್ಯಾಹ್ನ ಮೆಲ್ಬರ್ನಿನ ಬಾಡಿಗೆ ಫ್ಲ್ಯಾಟಿನಲ್ಲಿ ನೆಲದ ಮೇಲೆ ತಟ್ಟೆ ಇಟ್ಟರು. ಕೂತವರು ಮೂವರೇ: ಅಜ್ಜಿ, ತಮಾರ್, ಅವಳ ರೂಮ್‌ಮೇಟ್ ಇಂಚರಾ. "ಅವಲಕ್ಕಿನಾ ಆಂಟಿ? ನಮ್ ಮೈಸೂರಲ್ಲೂ ಕೃಷ್ಣ ಜಯಂತಿಗೆ ಮಾಡ್ತೀವಿ!" ಎಂದು ಇಂಚರಾ ತಾನೇ ಬಾಳೆಹಣ್ಣು ಹೆಚ್ಚಿದಳು.

ಹಾಡು ಶುರು ಮಾಡುವುದು ಈಗ ಫ್ಲೋರಾಳ ಪಾಲಿಗೆ ಬಂತು. ಯಾವಾಗಲೂ ಹಾಡುತ್ತಿದ್ದವನು ಸ್ಯಾಮ್ಸನ್. ಅವಳು ತಡವರಿಸುತ್ತಿದ್ದಂತೆ ತಮಾರ್ ಎತ್ತಿಕೊಂಡಳು. ಒಂದು ಸಾಲು, ಎರಡು, ಮೂರು. ಮೂರಾದ ಮೇಲೆ ಗಕ್ಕನೆ ನಿಂತಳು. ಬಲಗೈ ಎತ್ತಿ ಹಿಡಿದು, ಕಣ್ಣು ಮುಚ್ಚಿ ಕಾದಳು.

"ಮರ್ತೋಯ್ತಾ?" ಎಂದು ಇಂಚರಾ ಪಿಸುಗುಟ್ಟಿದಳು.

ತಮಾರ್ ಹಾಡು ಮುಗಿಸಿ ಹೇಳಿದಳು: "ನೋ, ಡ್ಯಾಡ್ ಆಲ್ವೇಸ್ ಸ್ಟಾಪ್ಸ್ ದೇರ್. ಎಲ್ಲಾರೂ ನಿಲ್ತಾರಲ್ವಾ ಅಜ್ಜಿ?"

ಯಾರೂ ನಿಲ್ಲುವುದಿಲ್ಲ. ಜಗತ್ತಿನಲ್ಲಿ ಈ ಒಂದು ಮನೆಯವರು ಬಿಟ್ಟರೆ ಯಾರೂ ಅಲ್ಲಿ ನಿಲ್ಲುವುದಿಲ್ಲ. ಹುಬ್ಬಳ್ಳಿಯ ಕ್ವಾರ್ಟರ್ಸಿನ ಹಿತ್ತಲಿಗೇ ರೈಲು ಹಳಿ. ಶನಿವಾರ ಸಂಜೆ ಸಬ್ಬತ್ತಿನ ವಿರಾಮ ಮುಗಿಸಿ ಈ ಹಾಡು ಹೇಳುವಾಗ ಮೂರನೆಯ ಸಾಲಿಗೆ ಸರಿಯಾಗಿ ಗಾಡಿ ಬರುತ್ತಿತ್ತು. ಗೂಡಿನ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಫ್ಲೋರಾಳ ಅಪ್ಪ ಗಾರ್ಡಿನ ಗತ್ತಿನಲ್ಲಿ ಕೈ ಎತ್ತಿ "ಗಾಡಿ ದಾಟ್ಲಿ" ಎನ್ನುತ್ತಿದ್ದ. ಕೊನೆಯ ಡಬ್ಬಿ ಹೋದ ಮೇಲೆ ನಾಲ್ಕನೆಯ ಸಾಲು. ಅಪ್ಪ ರಿಟೈರಾಗಿ ಹಳಿಯಿಲ್ಲದ ಓಣಿಗೆ ಹೋದರೂ ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. ಸ್ಯಾಮ್ಸನ್ ಕಲಿತದ್ದೂ ಹಾಗೇ; ಸಿಡ್ನಿಯ ಮಂದಿರದಲ್ಲಿ ಎಲ್ಲರೂ ಮುಂದೆ ಹೋದಾಗ ಇವನೊಬ್ಬ ಬಾಯಿ ಮುಚ್ಚಿ ನಿಂತು ನಗೆಪಾಟಲಾಗಿದ್ದ. ತಮಾರ್‌ಗೆ ಗಾಡಿಯ ಕಥೆಯನ್ನು ಯಾರೂ ಹೇಳಿರಲಿಲ್ಲ. ಅಜ್ಜಿ ಈಗ ಹೇಳಿದಳು, ಅಳುತ್ತ, ನಗುತ್ತ. ತಮಾರ್ ಎದ್ದು ಒಂದು ಡಬ್ಬಿ ತಂದು ಅದರಲ್ಲಿ ಮಲೀದಾ ತುಂಬಿದಳು.

"ಹಿ ವೋಂಟ್ ಈಟ್ ಇಟ್," ಎಂದಳು, ಮುಚ್ಚಳ ಒತ್ತುತ್ತ.

ಆ ರಾತ್ರಿಯೇ ಸಿಡ್ನಿ ಸೇರಿದ ಫ್ಲೋರಾ, ಮರುದಿನ ಸಂಜೆ ಸ್ಯಾಮ್ಸನ್ ಆಫೀಸಿನಿಂದ ಬಂದಾಗ ಡಬ್ಬಿಯನ್ನು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಶೂ ಬಿಚ್ಚುತ್ತ ಕೇಳಿದ:

"ಹಾಡು ಯಾರ ಹೇಳಿದ್ರು?"

"ಆಕಿನ ಹೇಳಿದ್ಲು. ಮೂರನೇ ಸಾಲಿಗೆ ನಿಂತ್ಲು. ಕೈನೂ ಎತ್ತಿದ್ಲು."

ಸ್ಯಾಮ್ಸನ್ ಮುಚ್ಚಳ ತೆಗೆದ. ಒಂದು ಹಿಡಿ ತಿಂದ, ಇನ್ನೊಂದು ತಿಂದ. "ಆಕಿ ಮಾಡಿದ್ದು ತಪ್ಪು, ಆಯಿ," ಎಂದ. ಕಣ್ಣು ಕೆಂಪಾಗಿದ್ದವು.

"ತಪ್ಪು ಅಂತ ಆಕಿಗೇ ಹೇಳಪಾ. ಎದುರಿಗೆ ಕುಂಡ್ರಿಸ್ಕೊಂಡು ಜಗಳಾಡು. ಮಗಳನ್ನ ಹೊರಗ ನಿಲ್ಲಿಸಿ ಯಾವ ದೇಶ ಉಳಿಸ್ತೀ ನೀನು?"

ಅವನು ಫೋನ್ ತೆಗೆದುಕೊಂಡು ಮಗಳ ಹೆಸರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಎರಡನೇ ರಿಂಗಿಗೇ ಎತ್ತಿದಳು.

"ಡ್ಯಾಡ್?"

ಸ್ಯಾಮ್ಸನ್ ಬಾಯಿ ತೆರೆದ. ಮಾತು ಹೊರಡಲಿಲ್ಲ. ಆ ಕಡೆಯಿಂದಲೂ ಮತ್ತೆ ಮಾತಿಲ್ಲ. ಅವನ ಬೆರಳು ಫೋನಿನ ಕೆಂಪು ಗುಂಡಿಯ ಹತ್ತಿರ ಹೋದದ್ದನ್ನು ಕಂಡು ಫ್ಲೋರಾ ಅಪ್ಪನ ಹಾಗೆಯೇ ಕೈ ಎತ್ತಿದಳು. ಮೆಲ್ಬರ್ನಿನವರೆಗೂ ಕೇಳಿಸಲೆಂದು ಗಟ್ಟಿಯಾಗಿಯೇ ಹೇಳಿದಳು:

"ಗಾಡಿ ದಾಟ್ಲಿ."

ಇಬ್ಬರೂ ಫೋನ್ ಇಡಲಿಲ್ಲ.