ಬಂಪರಿನ ಪಕ್ಕ

ಹನ್ನೊಂದನೇ ಆಲ್ಬಮ್ಮನ್ನೂ ಮಗಳು ರಪ್ಪನೆ ಮುಚ್ಚಿ ನೆಲಕ್ಕೆ ಹಾಕಿದಳು. ಅದರಲ್ಲೂ ಲಾರಿಗಳೇ. ಉದ್ದ ಮೂತಿಯವು, ಚಪ್ಪಟೆ ಮೂತಿಯವು, ಮರದ ಬಾಡಿಯವು. ಒಂದೊಂದರ ಕೆಳಗೂ ನಂಬರು, ತಯಾರಾದ ವರ್ಷ, ಅಪ್ಪನ ಗುಂಡಗಿನ ಅಕ್ಷರ. ಅಪ್ಪ ಮಾತ್ರ ಎಲ್ಲೂ ಇಲ್ಲ.

ಬಾಗಿಲಲ್ಲಿ ಸ್ಟುಡಿಯೋದವನು ಖಾಲಿ ಫ್ರೇಮನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ನಿಂತಿದ್ದ. ಹೊರಗಿನ ಕೋಣೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ತಲೆಯ ಹತ್ತಿರ ಇಡುವುದಕ್ಕೆ ಒಂದು ಫೋಟೋ ಬೇಕಿತ್ತು, ಒಂದೇ ಒಂದು. ಎರಡು ಗಂಟೆಗೆಲ್ಲ ಹೊರಡಬೇಕು.

ಚಿಕ್ಕಪ್ಪ ಮೂರನೇ ಸಲ ಇಣುಕಿದರು. "ಅಲ್ಲಮ್ಮಾ, ಎಪ್ಪತ್ತೆರಡು ವರ್ಷ ಬದುಕಿದ ಮನುಷ್ಯನಿಗೆ ಒಂದು ಮುಖ ಇರಲಿಲ್ವಾ?"

"ಇತ್ತು ಚಿಕ್ಕಪ್ಪ. ಕ್ಯಾಮೆರಾ ಹಿಂದೆ ಇತ್ತು."

ಮದುವೆಯ ಫೋಟೋ ಯಾವುದೋ ವರ್ಷ ಸೂರು ಸೋರಿ ಹಾಳಾಗಿತ್ತು. ಗುರುತಿನ ಚೀಟಿಯಲ್ಲಿದ್ದ ಮುಖವನ್ನು ದೊಡ್ಡದು ಮಾಡಿದರೆ ಬೇರೆ ಯಾರೋ ಸತ್ತ ಹಾಗೆ ಕಾಣುತ್ತದೆ ಎಂದು ಸ್ಟುಡಿಯೋದವನೇ ಕೈಚೆಲ್ಲಿದ್ದ. ಇನ್ನು ಮನೆಯಲ್ಲಿ ಯಾರು ಫೋಟೋಕ್ಕೆಂದು ಫೋನ್ ಎತ್ತಿದರೂ ಅಪ್ಪ ಎದ್ದು ಬಂದು, "ಕೊಡಿಲ್ಲಿ, ನಾನು ತೆಗೀತೀನಿ" ಎಂದು ಕಿತ್ತುಕೊಳ್ಳುತ್ತಿದ್ದರು.

ಹೊರಗೆ ಅಪ್ಪನ ಗೆಳೆಯ ಮೀಸೆ ಮಾಮ ತಮ್ಮ ಹಳೇ ಉದ್ದ ಮೂತಿಯ ಲಾರಿಯನ್ನು ತೊಳೆದು ತಂದು ನಿಲ್ಲಿಸಿದ್ದರು. ಅಪ್ಪ ಹೋಗುವುದು ಅದರಲ್ಲೇ ಎಂದು ಅವರಿಬ್ಬರ ನಡುವೆ ಯಾವತ್ತೋ ಮಾತಾಗಿತ್ತಂತೆ. ನನ್ನ ಗಾಡಿಯ ಫೋಟೋ ನಲವತ್ತು ಸಲ ತೆಗೆದಿದ್ದಾನೆ, ಅದನ್ನು ಓಡಿಸುವ ನನ್ನದು ಒಂದೂ ಇಲ್ಲ ಎಂದು ಬಂದವರಿಗೆಲ್ಲ ದೂರು ಹೇಳುತ್ತ, ನಡುನಡುವೆ ಮೀಸೆ ಒರೆಸಿಕೊಳ್ಳುತ್ತಿದ್ದರು.

*

ಅವಳಿಗೆ ಆಗ ಏಳು ವರ್ಷ. ಹೆದ್ದಾರಿ ಬದಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಅಪ್ಪ ಗುಮಾಸ್ತ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲಬೇಕು, ಅದರಲ್ಲಿದ್ದವರೆಲ್ಲ ಇಳಿದು ಹಳದಿ ಗೆರೆಯಾಚೆ ಹೋಗಬೇಕು. ತೂಕದ ಮೇಲೆ ಮನುಷ್ಯರಿರಬಾರದು. ಡ್ರೈವರು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅಪ್ಪ ತೂಕದ ಚೀಟಿಯನ್ನೂ ಬರೆದು ಫೋಟೋವನ್ನೂ ತೆಗೆದಿರುತ್ತಿದ್ದರು. ಫೋಟೋಕ್ಕೂ ಅದೇ ಕಾನೂನು. ಯಾರದಾದರೂ ಮೊಣಕೈ ಬಿದ್ದಿದ್ದರೂ ಕತ್ತರಿ.

ರಜೆಯ ದಿನ ಮಗಳು ಜೊತೆಗಿದ್ದಾಗ ಹಳೇ ಲಾರಿ ಬಂದರೆ ಮಾತ್ರ, "ಹೋಗು ಪುಟ್ಟಿ, ಬಂಪರ್ ಪಕ್ಕ ನಿಂತ್ಕೋ. ಅಲ್ಲಾಡಬೇಡ" ಅನ್ನುತ್ತಿದ್ದರು. ಅವಳು ಹಾಸು ಹತ್ತಿ, ಬಂಪರಿನ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ನಿಲ್ಲುವಳು. ಅಪ್ಪ ಒಳಗೆ ಹೋಗಿ ಏನೋ ನೋಡಿ ಬಂದು ಕ್ಲಿಕ್ ಮಾಡುವರು. ನಮ್ಮಪ್ಪನ ಆಲ್ಬಮ್ಮಿನಲ್ಲಿ ನಾನಿದ್ದೀನಿ ಎಂದು ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. ಹತ್ತನೇ ವರ್ಷದಲ್ಲಿ ಗೆಳತಿಯನ್ನು ಮನೆಗೆ ಕರೆತಂದು ಆಲ್ಬಮ್ ತೆರೆದಳು. ತಿರುಗಿಸಿದಷ್ಟೂ ಲಾರಿಗಳು. ಒಂದರಲ್ಲಿ ಮಾತ್ರ, ಬಂಪರಿನ ತುದಿಯಲ್ಲಿ, ನಾಲ್ಕು ಬೆರಳು ಉಳಿದುಕೊಂಡಿದ್ದವು. ಗೆಳತಿ ಕಿಸಕ್ಕನೆ ನಕ್ಕಳು.

ಆಮೇಲೆ ಅವಳು ವೇಬ್ರಿಡ್ಜಿನ ಕಡೆ ತಲೆಹಾಕಿಯೂ ಮಲಗಲಿಲ್ಲ. ಯಾಕೆಂದು ಅಪ್ಪ ಕೇಳಲಿಲ್ಲ, ಅವಳೂ ಹೇಳಲಿಲ್ಲ.

*

"ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬಿ ಇದೆಯಲ್ಲ, ನೋಡಿದ್ಯಾ?" ಅಮ್ಮ ಗೋಡೆಗೆ ಒರಗಿದಲ್ಲಿಂದಲೇ ಕೇಳಿದರು. "ಕತ್ತರಿಸಿದ್ದೆಲ್ಲ ಅದಕ್ಕೇ ಹಾಕ್ತಿದ್ರು."

"ಬೆಳಿಗ್ಗೆಯಿಂದ ಹುಡುಕ್ತಿದೀನಿ. ಈಗ ಹೇಳ್ತೀಯಾ?"

"ನೀನು ಕೇಳಿದ್ದು ಅಪ್ಪನ ಮುಖ. ಅದರಲ್ಲಿರೋದು ನಿಂದು."

ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚ ತೂರಿಸಿ ಎಬ್ಬಿಸಿದರೆ ಒಳಗೆ ಬೆರಳಗಲದ ಪಟ್ಟಿಗಳು, ದಾರ ಕಟ್ಟಿದ ಕಂತೆ. ಪ್ರತಿಯೊಂದರಲ್ಲೂ ಕೆನ್ನೆ ಉಬ್ಬಿಸಿಕೊಂಡು ನಿಂತ ಅವಳು, ಕೈ ಮಣಿಕಟ್ಟಿನವರೆಗೆ ಮಾತ್ರ. ಹಿಂದೆ ಗುಂಡಗಿನ ಅಕ್ಷರ: ಖಾಲಿ ಗಾಡಿ ೬೧೮೦. ಮಗಳ ಸಮೇತ ೬೨೦೦. ಇನ್ನೊಂದರ ಹಿಂದೆ: ಈ ವರ್ಷವೂ ೨೦ ಕೇಜಿಯೇ. ಯಂತ್ರ ರಿಪೇರಿಗೆ ಹೇಳಬೇಕು.

ಯಂತ್ರಕ್ಕೆ ಏನೂ ಆಗಿರಲಿಲ್ಲ. ಹತ್ತು ಕೇಜಿಯ ಲೆಕ್ಕದಲ್ಲಿ ಮುಳ್ಳು ಸರಿಯುವ ಆ ಯಂತ್ರಕ್ಕೆ ಎರಡು ಮೂರು ಕೇಜಿಯ ಹೆಚ್ಚಳ ತಿಳಿಯುವುದೇ ಇಲ್ಲ. ಅಪ್ಪನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ?

ಕಂತೆಯ ಕೊನೆಯಲ್ಲಿ ಕತ್ತರಿ ತಾಗದ ಒಂದು ಇಡೀ ಫೋಟೋ ಇತ್ತು. ಲಾರಿಯೊಂದೇ. ಬಂಪರಿನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಬರೀ ನೆಲ. ಹಿಂದೆ: ಮಗಳು ಬರಲಿಲ್ಲ.

"ಬಾಯಿ ಬಿಟ್ಟು ಒಂದು ಮಾತು ಕೇಳಿದ್ದಿದ್ರೆ ಏನು ಗಂಟು ಹೋಗ್ತಿತ್ತು ಇವರಿಗೆ?" ಅವಳ ದನಿ ಏರಿತು. ಅಮ್ಮ ಸೆರಗಿನ ಅಂಚನ್ನು ಮಡಚಿದರು, ಬಿಡಿಸಿದರು. ಫ್ರೇಮ್ ಇನ್ನೂ ಖಾಲಿ. ಚಿಕ್ಕಪ್ಪ ಹೊರಗಿನಿಂದ ಎರಡಾಯಿತು ಎಂದು ಕೂಗಿದರು.

*

ಹೆದ್ದಾರಿಗೆ ಬಂದ ಮೇಲೆ ಮೀಸೆ ಮಾಮ ನೇರ ಹೋಗದೆ ಲಾರಿಯನ್ನು ವೇಬ್ರಿಡ್ಜಿಗೆ ಹತ್ತಿಸಿಬಿಟ್ಟರು. ಚಿಕ್ಕಪ್ಪ ರೇಗಿದರು. ಹೊತ್ತಾಗಿದೆ, ಇದೇನು ಹುಡುಗಾಟ ಎಂದರು.

"ತೂಕ ಮಾಡಿಸದೆ ದಾಟಿಸಿದ್ರೆ ಅವನು ಸುಮ್ನೆ ಬಿಡ್ತಾನಾ ನನ್ನ?" ಮಾಮ ಇಳಿದು ಗೆರೆಯಾಚೆ ಹೋಗಿ ನಿಂತರು.

ಹಿಂದೆ ಕೂತಿದ್ದವರೂ ಒಬ್ಬೊಬ್ಬರಾಗಿ ಇಳಿದು ಅವರ ಹಿಂದೆ ಹೋದರು. ಮೇಲೆ ಅಪ್ಪ ಒಬ್ಬರೇ. ಮಗಳೂ ಇಳಿದಳು, ಆದರೆ ಗೆರೆಯಾಚೆ ಹೋಗದೆ ಹಾಸಿನ ಮೇಲೆ ಬಂಪರಿನ ಪಕ್ಕ ನಿಂತಳು. ಸ್ಟುಡಿಯೋದವನನ್ನು ಕರೆದು, ಒಂದು ಫೋಟೋ ತೆಗೆಯಪ್ಪ, ಫ್ರೇಮಿಗೆ ಅದೇ ಇರಲಿ ಎಂದಳು. ಅವನು ಹಿಂದೆ ಹಿಂದೆ ಸರಿದು ಕ್ಯಾಮೆರಾ ಎತ್ತಿದ.

ಕಿಟಕಿಯಿಂದ ಹೊಸ ಗುಮಾಸ್ತ ಇಣುಕಿದ. "ಮೇಡಂ, ಇಳೀರಿ. ತೂಕದ ಮೇಲೆ ಮನುಷ್ಯರು ಇರಬಾರದು."

"ಹೌದಕ್ಕ, ಸ್ವಲ್ಪ ಆ ಕಡೆ ಸರೀರಿ," ಎಂದ ಸ್ಟುಡಿಯೋದವನೂ. "ಬರೀ ಲಾರಿ ಬಂದ್ರೆ ಚೆನ್ನಾಗಿರತ್ತೆ."

ಅವಳು ಬಂಪರಿನ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದಳು.