ಹಳದಿ ದೀಪಕ್ಕೆ ಹಾಕುವ ರೆಸಿಸ್ಟರ್

ದಸರಾ ರಜೆಗೆ ಗುಂಡ್ಲುಪೇಟೆಗೆ ಹೋದ ನನ್ನ ಮಗಳು ವನಿತಾ ಹತ್ತು ದಿನದಲ್ಲಿ ಒಮ್ಮೆಯೂ ತಾನಾಗಿ ಫೋನ್ ಮಾಡಲಿಲ್ಲ. ನಾನು ಮಾಡಿದಾಗಲೆಲ್ಲ ಒಂದೇ ಮಾತು: "ಚಿಕ್ಕಮ್ಮ ಹಿಂಗಂದ್ರು, ಚಿಕ್ಕಮ್ಮ ಹಂಗೆ ತೋರಿಸ್ಕೊಟ್ರು."

ಚಿಕ್ಕಮ್ಮ ಎಂದರೆ ನನ್ನ ಓರಗಿತ್ತಿ ಸ್ವರ್ಣಲತಾ, ಮನೆಯವರ ಬಾಯಲ್ಲಿ ಲತಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮನೆಯಲ್ಲೇ ಇರುತ್ತಾಳೆ, ಮಕ್ಕಳ ಪಕ್ಕ ಕೂರಲು ಅವಳಿಗೆ ಪುರುಸೊತ್ತಿದೆ. ನಾನು ಬದನಗುಪ್ಪೆಯಲ್ಲಿ ಎಲ್‌ಇಡಿ ದೀಪ ಜೋಡಿಸುವ ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಬೆಸುಗೆ ಹಾಕುತ್ತಿದ್ದೇನೆ. ಮಗಳು ಸರ್ಕ್ಯೂಟು ಗಿರ್ಕ್ಯೂಟು ಅಂತ ಏನಾದರೂ ಕೇಳಿಕೊಂಡು ಬಂದರೆ "ನಾಳೆ ನೋಡನ ಬುಡವ್ವ" ಅಂದವಳೂ ನಾನೇ.

ಭಾನುವಾರ ಕರೆತರಲು ಹೋದೆ. ನಡುಮನೆಯ ಮೇಜಿನ ಮೇಲೆ ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅವಳು ಮಾಡಿದ ದೀಪ ಇತ್ತು: ಒಂದು ಹಲಗೆ, ಅದರ ಮೇಲೆ ಸಾಲಾಗಿ ಮೂರು ಎಲ್‌ಇಡಿ, ಒಂದು ರೆಸಿಸ್ಟರ್. ಪಕ್ಕದಲ್ಲಿ ಆಗತಾನೆ ಚಾರ್ಜ್ ಮಾಡಿದ ಸ್ಕೂಟರ್ ಬ್ಯಾಟರಿ, ಬೆಸುಗೆ ಕಡ್ಡಿ, ಬಿಡಿ ಎಲ್‌ಇಡಿ-ರೆಸಿಸ್ಟರ್‌ಗಳ ಪೊಟ್ಟಣ. ವನಿತಾ ತಲೆಯೆತ್ತದೆ, "ಬಂದ್ಯಾ ಅವ್ವ, ಕೂತ್ಕೊ" ಅಂದಳು. ನೆಂಟರಿಗೆ ಹೇಳುವ ಹಾಗೆ. ಅವಳ ಎರಡು ಜಡೆಯನ್ನು ಲತಾ ಹೊಸ ತರಹ ಹೆಣೆದು ಕನಕಾಂಬರ ಮುಡಿಸಿದ್ದಳು. ಚೆನ್ನಾಗಿತ್ತು. ಅದೂ ನನಗೆ ಚುಚ್ಚಿತು.

ಲತಾ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟಿದ್ದಳು. ವನಿತಾ ನನ್ನ ಕಿವಿಗೆ ಬಾಯಿಟ್ಟಳು.

"ಚಿಕ್ಕಮ್ಮಂಗೆ ಹೇಳ್ಬ್ಯಾಡ. ಬಿಳೀದು ತೆಗ್ದು ಹಳದಿ ಎಲ್‌ಇಡಿ ಹಾಕ್ಬುಟ್ಟಿವ್ನಿ. ಉರಿಯೋಗಂಟ ಗೊತ್ತಾಗಕಿಲ್ಲ, ಗಾಜು ಎರಡೂ ಒಂದೇ ತರ. ಹಳದಿ ಅಂದ್ರೆ ಅವ್ರಿಗೆ ಪ್ರಾಣ."

ನನಗೆ ಯಾವ ಬಣ್ಣ ಪ್ರಾಣ ಅಂತ ಇವಳು ಯಾವತ್ತೂ ಕೇಳಿದ್ದಿಲ್ಲ.

ನೋಟ್‌ಬುಕ್ಕಿನಲ್ಲಿ ಲತಾಳ ದುಂಡು ಅಕ್ಷರದ ಲೆಕ್ಕ ಇತ್ತು. ಬ್ಯಾಟರಿ ಹನ್ನೆರಡು ವೋಲ್ಟ್, ಬಿಳಿ ಎಲ್‌ಇಡಿ ಮೂರಕ್ಕೆ ಒಂಬತ್ತು, ಉಳಿದ ಮೂರನ್ನು ತಡೆಯಲು ನೂರೈವತ್ತು ಓಮ್ ರೆಸಿಸ್ಟರ್. ನನಗೆ ಲೆಕ್ಕ ಬಾರದು. ಆದರೆ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿಗಳು ಕಣ್ಣು ಮುಚ್ಚಿದರೂ ಕಾಣುತ್ತವೆ. ಕಂದು-ಹಸಿರು-ಕಂದು ಇದ್ದರೆ ನಾವು ಹೆಂಗಸರು ಅದನ್ನು 'ಮಣ್ಣುಸೊಪ್ಪು' ಅನ್ನುತ್ತೇವೆ. ಅದು ಬಿಳಿ ಸಾಲಿಗೆ. ಹಳದಿ ಸಾಲಿಗೆ ಕಿತ್ತಳೆ-ಕಿತ್ತಳೆ-ಕಂದು, 'ಚೆಂಡುಹೂ'. ಹಳದಿ ಎಲ್‌ಇಡಿಗೆ ಕಮ್ಮಿ ವೋಲ್ಟ್ ಸಾಕು, ಹಾಗಾಗಿ ತಡೆ ಜಾಸ್ತಿ ಬೇಕು. ಹಲಗೆಯ ಮೇಲೆ ಇದ್ದದ್ದು ಮಣ್ಣುಸೊಪ್ಪು.

ಲತಾ ಕಾಫಿ ತಂದಳು. "ಅಕ್ಕ, ಹಚ್ಚೋ ಮುಂಚೆ ನೀವೊಂದ್ಸಲ ನೋಡ್ಬಿಡಿ. ದಿನಾ ಇದೇ ಕೆಲ್ಸ ಮಾಡೋರು ನೀವು."

"ನಂಗೇನ್ ಗೊತ್ತಾದದು ತಾಯಿ? ಕೊಟ್ಟಿದ್ನ ಅಂಟಿಸೋಳು ನಾನು. ಓದಿರೋರು ನೀವೇ ಇದ್ದೀರಲ್ಲ."

ಉರಿಯಲಿ, ಎಲ್ಲರ ಕಣ್ಣೆದುರೇ ಸುಟ್ಟುಹೋಗಲಿ, ಆಗ ಗೊತ್ತಾಗುತ್ತದೆ ಇವಳ ಡಿಪ್ಲೊಮಾ ಎಂಥದ್ದು ಅಂತ. ಇಷ್ಟು ನನ್ನ ಮನಸ್ಸಿನಲ್ಲಿದ್ದದ್ದು ನಿಜ.

ವನಿತಾ ವೈರು ಮುಟ್ಟಿಸಿದಳು. ಜಗ್ಗೆಂದು ಹಳದಿ ಬೆಳಕು. ಲತಾ ಕೂಗಿಬಿಟ್ಟಳು: "ಅಯ್ಯೋ, ಹಳದಿ! ನಂಗೋಸ್ಕರ ಕಣೇ ಇದು!" ಇಬ್ಬರೂ ತಬ್ಬಿಕೊಂಡರು. ನಾನು ಕಾಫಿ ಕುಡಿದೆ.

ಲೋಟ ಖಾಲಿಯಾಗುವ ಹೊತ್ತಿಗೆ ಬಣ್ಣ ಸುಟ್ಟ ವಾಸನೆ ಬಂತು. ಬೆಳಕು ಕೆಂಪಗಾಗಿ ಮಂಕಾಯಿತು, ಆಮೇಲೆ ಮೂರೂ ಒಟ್ಟಿಗೆ ಆರಿದವು. ರೆಸಿಸ್ಟರ್ ಮುಟ್ಟಿದ ವನಿತಾ "ಉಸ್" ಎಂದು ಬೆರಳು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು. ನಾಳೆ ಬೆಳಿಗ್ಗೆಯೇ ಪ್ರದರ್ಶನ.

"ನಂದೇ ತಪ್ಪು," ಲತಾ ಹಣೆ ಚಚ್ಚಿಕೊಂಡಳು. "ಲೆಕ್ಕ ಹಾಕಿದ್ದು ಬಿಳೀದಕ್ಕೆ. ಹಳದಿ ಅಂತ ಕಂಡ ತಕ್ಷಣ ಹೊಳೀಬೇಕಿತ್ತು ನಂಗೆ."

ನಾನು ಕಾಯುತ್ತಿದ್ದ ಗಳಿಗೆ ಅದೇ. ಆದರೆ ಮಗಳ ಬೆರಳ ತುದಿ ಕೆಂಪಾಗಿರುವುದು ಕಂಡು ನನ್ನ ಕೈ ತಾನಾಗಿ ಪೊಟ್ಟಣಕ್ಕೆ ಹೋಯಿತು. ಓದಿ ನೋಡದೆ ಚೆಂಡುಹೂ ಆರಿಸಿದೆ. ಹಳೆಯದನ್ನು ಬಿಡಿಸಿ, ಮೂರು ಹೊಸ ಎಲ್‌ಇಡಿ ಕೂರಿಸಿ, ಬೆಸುಗೆ ಹಾಕಿದೆ. ಹತ್ತು ನಿಮಿಷವೂ ಆಗಲಿಲ್ಲ. ದೀಪ ಹದವಾಗಿ ಹತ್ತಿತು. ರೆಸಿಸ್ಟರ್ ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

ವನಿತಾ ನನ್ನ ಕೈಯನ್ನೇ ನೋಡುತ್ತಿದ್ದಳು. ಹತ್ತು ದಿನದಿಂದ ನಾನು ಹೊಟ್ಟೆ ಉರಿಸಿಕೊಂಡದ್ದು ಈ ನೋಟಕ್ಕೇ. ಆಮೇಲೆ ಅವಳ ಹುಬ್ಬು ಗಂಟಾಯಿತು.

"ಅವ್ವ, ನಿಂಗೆ ಗೊತ್ತಿತ್ತಾ? ಮೊದ್ಲೇ ಯಾಕೆ ಹೇಳ್ನಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಲತಾ ಅಂದಳು, "ಅಕ್ಕ ಸರಿಯಾಗಿ ನೋಡಿರ್ಲಿಲ್ಲ ಬಿಡೇ. ಬಸ್ಸಲ್ಲಿ ಬಂದು ಸುಸ್ತಾಗಿದ್ರು."

ಅವಳಿಗೆ ಅರ್ಥವಾಗಿತ್ತು. ಅರ್ಥವಾಗಿಯೂ ನನ್ನ ಮಾನ ಮುಚ್ಚಿದಳು. ಒಳ್ಳೆಯತನದಲ್ಲೂ ಇವಳೇ ಮುಂದೆಯಾ ಅಂತ ಮತ್ತೆ ಉರಿಯಿತು.

"ನೋಡಿದ್ದೆ ಕಣವ್ವ," ಅಂದೆ. "ನೋಡ್ಬುಟ್ಟೇ ಸುಮ್ನಿದ್ದೆ."

ಲತಾ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಚಾಮರಾಜನಗರದ ಬಸ್ಸಿನಲ್ಲಿ ವನಿತಾ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ತೆರಕಣಾಂಬಿ ದಾಟಿತು. ಆಗ ಸುಟ್ಟ ಬೆರಳಿನಿಂದಲೇ ರೆಸಿಸ್ಟರ್ ತೋರಿಸಿದಳು.

"ನಾಳೆ ಇದ್ಯಾಕೆ ಹಾಕ್ದೆ ಅಂತ ಮೇಷ್ಟ್ರು ಕೇಳ್ತಾರೆ. ಏನಂತ ಹೇಳ್ಲಿ?"

"ಲೆಕ್ಕ ನಂಗೆ ಬರಕಿಲ್ಲ ಕಣಮ್ಮಿ," ಅಂದೆ. "ಚಿಕ್ಕಮ್ಮಂಗೆ ಫೋನ್ ಮಾಡು."

ನನ್ನ ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಮಾತಾಡುವಷ್ಟು ಹೊತ್ತೂ ಹಲಗೆ ನನ್ನ ತೊಡೆಯ ಮೇಲಿತ್ತು.