ಹೀಟರ್ ಇಲ್ಲದ ಏರು

ಆ ಕಡೆಯವರೆಲ್ಲ ಮೆಕ್ಯಾನಿಕ್ಕನನ್ನು ಮೂಗಣ್ಣ ಎಂದೇ ಕರೆಯುತ್ತಿದ್ದರು. ಮೂಗು ದೊಡ್ಡದು ಅಂತಲ್ಲ. ಬಾನೆಟ್ ಎತ್ತಿ ಒಂದು ಸಲ ಉಸಿರು ಎಳೆದರೆ ಸಾಕು, ಸುಟ್ಟದ್ದು ಬೆಲ್ಟೋ ಕ್ಲಚ್ಚೋ, ಸೋರುತ್ತಿರುವುದು ಆಯಿಲ್ಲೋ ಕೂಲೆಂಟೋ ಎಂದು ಹೇಳಿಬಿಡುತ್ತಿದ್ದ. ರೇಡಿಯೇಟರಿಗೆ ಗಾಳಿ ಒತ್ತಿ ಸೋರಿಕೆ ಹುಡುಕುವ ಕೈಪಂಪು ಅವನ ಬಳಿಯೂ ಇತ್ತು. ಅದನ್ನು ಅಟ್ಟದ ಹಲಗೆಯಿಂದ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ. "ಅದು ಮೂಗಿಲ್ಲದವರಿಗೆ" ಎಂದು ನಗುತ್ತಿದ್ದ.

ಕಳೆದ ಚಳಿಗಾಲದಲ್ಲಿ ಬಂದ ಜ್ವರ, ಹೋಗುವಾಗ ಆ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಪೆಟ್ರೋಲ್ ಡಬ್ಬಿಗೆ ಮುಖವಿಟ್ಟರೂ ಬರೀ ನೀರಿನ ಹಾಗೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಗಿರಾಕಿಯ ಮುಂದೆ ಉಸಿರು ಎಳೆಯುವ ಆಟವನ್ನು ಮಾತ್ರ ಬಿಡಲಿಲ್ಲ. ಕಣ್ಣು, ಕಿವಿ, ಬೆರಳು ಸೇರಿ ಹೇಗೋ ಕೆಲಸ ತೂಗಿಸುತ್ತಿದ್ದವು. ಪಂಪು ಇಳಿಸಬಹುದಿತ್ತು. ಇಳಿಸಿದರೆ ಯಾಕೆ ಎಂದು ಕೇಳುತ್ತಾರಲ್ಲ.

ಅವನ ತಂಗಿಯ ಗಂಡನಿಗೆ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್ ಮಾಡುವ ಆಸ್ಪತ್ರೆ ಗುಡ್ಡದ ಆಚೆ. ಗಂಡ ಸ್ಟಿಯರಿಂಗ್ ಬಿಟ್ಟ ಮೇಲೆ ತಂಗಿಯೇ ಕಾರು ಓಡಿಸಲು ಕಲಿತು, ವಾರಕ್ಕೆ ಮೂರು ಸಲ ಅವನನ್ನು ಕರೆದುಕೊಂಡು ಹೋಗುತ್ತಿದ್ದಳು. ಹೋದ ಸಲ ಏರಿನಲ್ಲಿ ಇಂಜಿನ್ ಕಾದು ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹತ್ತಿತು. ಅಣ್ಣ ಹೇಳಿದ್ದು ನೆನಪಿಟ್ಟುಕೊಂಡು, ರೇಡಿಯೇಟರ್ ಮುಚ್ಚಳ ಮುಟ್ಟದೆ, ತಣ್ಣಗಾಗುವ ತನಕ ರಸ್ತೆ ಪಕ್ಕ ಕಾದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಡಯಾಲಿಸಿಸ್ ಯಂತ್ರ ಬೇರೆಯವರ ಪಾಲಾಗಿತ್ತು. ಆ ರಾತ್ರಿ ಗಂಡ ದಿಂಬಿಗೆ ಒರಗಿ ಕೂತು, ಉಸಿರಿಗಾಗಿ ಪಟ್ಟ ಪಾಡನ್ನು ಅವಳು ಯಾರಿಗೂ ವಿವರಿಸಲಿಲ್ಲ. "ಇನ್ನೊಂದು ಸಲ ತಪ್ಪಿದ್ರೆ ತಡ್ಕೊಳಲ್ಲ ಅಂದ್ರು ಡಾಕ್ಟ್ರು" ಎಂದಷ್ಟೇ ಹೇಳಿ ಕಾರನ್ನು ಅಣ್ಣನ ಗ್ಯಾರೇಜಿನಲ್ಲಿ ಬಿಟ್ಟುಹೋದಳು.

ಅವನು ನೋಡಿದ. ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ, ಹೋಸು, ಬಿರಿದಿತ್ತು. ಹೊಸದು ಹಾಕಿ, ಇಂಜಿನ್ ತಂಪಿಡುವ ಕೂಲೆಂಟ್ ತುಂಬಿ, ಇಂಜಿನ್ ಓಡಿಸಿ ನಿಂತ. ಫ್ಯಾನು ತಾನಾಗಿ ತಿರುಗಿತು, ಮುಳ್ಳು ನಡುವೆ ನಿಂತಿತು. ಕೆಲಸ ಮುಗಿಯಿತು ಅಂದುಕೊಂಡ.

ಆಸ್ಪತ್ರೆಯ ದಿನ ಗಂಡಹೆಂಡತಿ ಬೇಗನೇ ಬಂದರು. ಹೋದ ಸಲದ ಭಯ. ಗಂಡ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತು, ಮೊದಲ ಕೆಲಸವೆಂಬಂತೆ ಹೀಟರ್ ತಿರುಗಿಸಿದ. ಕಾಯಿಲೆ ಬಂದಾಗಿನಿಂದ ಅವನಿಗೆ ಬಿಸಿಲಲ್ಲೂ ಚಳಿ.

"ಅಣ್ಣ, ಹೀಟರ್ ಹಾಕಿದ್ರೆ ಗಾಜು ಮಂಜಾಗುತ್ತೆ" ಎಂದಳು ತಂಗಿ. "ಏನೋ ಸಿಹಿ ವಾಸನೆ ಬೇರೆ. ಸಕ್ಕರೆ ಸೀದ ಹಾಗೆ. ಒಂಚೂರು ನೋಡು."

ಮೆಕ್ಯಾನಿಕ್ಕ ಕಾರಿನೊಳಗೆ ಬಗ್ಗಿ ಉದ್ದಕ್ಕೆ ಉಸಿರು ಎಳೆದ.

"ಏನಿಲ್ಲ ಕಣೇ. ಹೊಸ ಹೋಸಿಂದಿರಬೇಕು."

"ಹೋದ ವಾರಾನೂ ಬರ್ತಿತ್ತು."

"ನಿನ್ನ ಮೂಗು ಬಿಡೇ" ಎಂದ ಗಂಡ. "ಭಾವನ ಮೂಗು ಹೇಳಿದ ಮೇಲೆ ಮುಗೀತು. ಅದು ಹೈಕೋರ್ಟು."

ತಂಗಿ ಅಣ್ಣನ ಮುಖ ನೋಡಿದಳು, ತಲೆಯಾಡಿಸಿದಳು, ಬೆಲ್ಟು ಹಾಕಿಕೊಂಡಳು. ಅವಳು ಹಾಗೆ ನಂಬಿ ತಲೆಯಾಡಿಸಿದ್ದು ಅಣ್ಣನಿಗೆ ಚುಚ್ಚಿತು. ಕಾರು ಗೇಟಿನ ಕಡೆ ಹೊರಳಿತು.

ಗ್ಯಾರೇಜಿಗೆ ಅಂಟಿದ ಮನೆಯ ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ಕನ ಹೆಂಡತಿ ಮೆಟ್ಟಿಲಿಳಿದು ಬಂದಳು.

"ಮೊನ್ನೆ ಹಾಲು ತಳ ಹತ್ತಿದ್ದು ಬೀದಿಗೆಲ್ಲ ಗೊತ್ತಾಯ್ತು. ಒಲೆ ಮುಂದೆ ಕೂತಿದ್ದ ನಿಮಗೆ ಗೊತ್ತಾಗ್ಲಿಲ್ಲ" ಎಂದಳು, ದನಿ ಏರಿಸದೆ. "ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ. ಗ್ಯಾರೇಜಿನ ಮರ್ಯಾದೆ ನಿಮ್ಮದು, ಹೆಂಗಾದ್ರೂ ಕಾಪಾಡ್ಕೊಳ್ಳಿ. ಆ ಕಾರಲ್ಲಿ ಕೂತಿರೋರು ಯಾರು, ಅದನ್ನ ಯೋಚನೆ ಮಾಡಿ."

ಅವನು ಓಡಿದ. ಕಾರು ರಸ್ತೆಗಿಳಿಯುವ ಮೊದಲೇ ಎದುರು ಹೋಗಿ ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತ. ತಂಗಿ ಗಾಜು ಇಳಿಸಿದಳು.

"ನಂಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಇಲ್ಲ. ನೀನು ಹೇಳಿದ ವಾಸನೆ ಕೂಲೆಂಟಿಂದೇ ಇರಬೇಕು. ಇಳೀರಿ."

ತಂಗಿ ಇಂಜಿನ್ ಆರಿಸಿದಳು. ಅವಳ ಕೈ ಕೀಲಿಯ ಮೇಲೇ ಇತ್ತು.

"ಗೊತ್ತಿದ್ದೂ ಕಳಿಸ್ತಿದ್ದೆಯಾ?"

ಅವನು ಒಳಗೆ ಹೋಗಿ ಅಟ್ಟದ ಹಲಗೆಯಿಂದ ಕೈಪಂಪು ಇಳಿಸಿದ. ತಂಗಿ ಇಳಿದು ಹೋಗಿ ಅತ್ತಿಗೆಯ ಪಕ್ಕ, ಅಣ್ಣನಿಗೆ ಬೆನ್ನು ಹಾಕಿ ನಿಂತಳು.

ಇಂಜಿನ್ ಕಾದಿರಲಿಲ್ಲ, ಮುಚ್ಚಳ ತೆಗೆದು ಪಂಪು ಕೂರಿಸಿದ. ಗಾಳಿ ಒತ್ತಿ, ಪಂಪಿನ ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತ ನಿಂತ. ಏರಿದ ಮುಳ್ಳು ನಿಲ್ಲಲಿಲ್ಲ, ಮೆಲ್ಲಗೆ ಇಳಿಯಿತು; ಎಲ್ಲೋ ಸೋರುತ್ತಿತ್ತು. ಕಾರಿನ ಅಡಿಯಲ್ಲಿ ಒಂದು ಹನಿಯೂ ಇಲ್ಲ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿ ಕೈಯಿಟ್ಟರೆ ಒದ್ದೆ, ಬೆರಳು ಉಜ್ಜಿದರೆ ಎಣ್ಣೆಯ ಹಾಗೆ ಜಾರುತ್ತಿತ್ತು. ಹೀಟರಿಗೆಂದು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ತೂತಾದದ್ದು ಅದು. ಏರಿನ ಬಿಸಿಗೆ ಕೂಲೆಂಟೆಲ್ಲ ಕಾರಿನ ಒಳಗೇ ಬಸಿದುಹೋಗುತ್ತಿತ್ತು.

ತಂಗಿಯ ಗಂಡ ಸ್ಟೂಲಿನ ಮೇಲೆ ಮುದುರಿ ಕೂತು ಎಲ್ಲ ನೋಡುತ್ತಿದ್ದ.

"ನಂದು ಕಿಡ್ನಿ ಹೋಯ್ತು, ನಿಮ್ಮದು ಮೂಗು" ಎಂದ. "ನಾನು ಸಿಕ್ಕಿದೋರಿಗೆಲ್ಲ ಹೇಳ್ಕೊಂಡು ಬಂದೆ ಭಾವ. ನೀವು ನೋಡಿ, ಬಚ್ಚಿಟ್ಟುಕೊಂಡು ಕೂತ್ರಿ. ಯಾರಿಗೆ ಜಾಸ್ತಿ ಸುಸ್ತಾಗಿರಬೇಕು ಹೇಳಿ."

ಮೆಕ್ಯಾನಿಕ್ಕ ಕಾರ್ಪೆಟನ್ನು ಮತ್ತೆ ಹಾಸಿ ಹೊರಗೆ ಬಂದ.

"ಆ ಪುಟ್ಟ ರೇಡಿಯೇಟರ್ ಬದಲಾಯಿಸೋಕೆ ಡ್ಯಾಶ್‌ಬೋರ್ಡೆಲ್ಲ ಬಿಚ್ಚಬೇಕು, ಇವತ್ತಾಗಲ್ಲ" ಎಂದ. "ಹೀಟರಿಗೆ ಹೋಗೋ ಎರಡು ಪೈಪನ್ನ ಇಂಜಿನ್ ಹತ್ರಾನೇ ಒಂದಕ್ಕೊಂದು ಸೇರಿಸಿಬಿಡ್ತೀನಿ. ಸೋರಲ್ಲ, ಕಾಯಲ್ಲ. ಆದರೆ ಹೀಟರ್ ಇರಲ್ಲ. ಗುಡ್ಡದಲ್ಲಿ ಚಳಿ."

"ಚಳಿಗೆ ನಾನೇನು ಹೊಸಬನೇ? ಸೇರಿಸಿ."

ಎರಡು ಪೈಪುಗಳ ನಡುವೆ ತುಂಡು ಕೊಳವೆ ಕೂರಿಸಿ ಕ್ಲಾಂಪ್ ಬಿಗಿದ. ಕೂಲೆಂಟ್ ಹೊಯ್ದು, ಇಂಜಿನ್ ಓಡಿಸಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬೀಳುವ ತನಕ ತುಂಬಿದ. ತಣ್ಣಗಾದ ಮೇಲೆ ಮತ್ತೆ ಪಂಪು ಒತ್ತಿದ. ಈ ಸಲ ಮುಳ್ಳು ಏರಿದಲ್ಲೇ ನಿಂತಿತು. ತಂಗಿಯನ್ನು ಕರೆದು ತೋರಿಸಿದ. ಅವಳು ಬಂದು ನೋಡಿ, ಹೋಗಿ ಸ್ಟಿಯರಿಂಗ್ ಹಿಂದೆ ಕೂತಳು. ಆಸ್ಪತ್ರೆಯ ಸಮಯ ಇನ್ನೂ ಮೀರಿರಲಿಲ್ಲ.

ಅವನು ಕೈ ಒರೆಸಿಕೊಂಡು ಹಿಂದಿನ ಬಾಗಿಲು ತೆರೆದ. "ನಾನೂ ಬರ್ತೀನಿ."

ಹೀಟರ್ ಇಲ್ಲದ ಮೇಲೆ ಮುಂದೆ ಕೂತು ಪ್ರಯೋಜನವಿಲ್ಲವೆಂದು ತಂಗಿಯ ಗಂಡನೂ ಹಿಂದೆ ಬಂದ. ಮೆಕ್ಯಾನಿಕ್ಕನ ಹೆಂಡತಿ ಮನೆಯೊಳಗಿನಿಂದ ಕಂಬಳಿ ತಂದು ಅವನ ಕೊರಳ ತನಕ ಹೊದಿಸಿದಳು.

ಏರು ಶುರುವಾಯಿತು. ಕಾರಿನೊಳಗೆ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಹೋದ ಸಲ ನಿಂತ ತಿರುವು ಬಂದಾಗ ತಂಗಿಯ ಭುಜ ಬಿಗಿಯಾದದ್ದನ್ನು ಅವನು ಹಿಂದಿನಿಂದ ಕಂಡ. ಕಾರು ತಿರುವು ದಾಟಿತು. ಇಂಜಿನ್ನಿನ ಸದ್ದು ಬದಲಾಗಲಿಲ್ಲ.

"ಮುಳ್ಳು ನಡುವೇ ಇದೆ" ಎಂದಳು ಅವಳು. ಗ್ಯಾರೇಜಿನಿಂದ ಇಲ್ಲಿಯವರೆಗೆ ಅವಳಾಡಿದ ಮೊದಲ ಮಾತು. ಯಾರಿಗೆ ಹೇಳಿದಳೆಂದು ತಿಳಿಯದೆ ಅವನು ಬರೀ "ಹೂಂ" ಅಂದ.

ಕಂಬಳಿಯೊಳಗೆ ತಂಗಿಯ ಗಂಡನ ಕೈಗಳು ನಡುಗುತ್ತಿದ್ದವು. ಮೆಕ್ಯಾನಿಕ್ಕ ಅವೆರಡನ್ನೂ ತನ್ನ ಅಂಗೈಗಳ ನಡುವೆ ತೆಗೆದುಕೊಂಡು, ಮೆಲ್ಲಗೆ, ಒಂದೇ ಸಮನೆ ಉಜ್ಜತೊಡಗಿದ. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಮಣಿಕಟ್ಟಿನ ಮೇಲಿನ ನರ ಬೆರಳಿಗೆ ತಾಗಿತು. ಸ್ವಲ್ಪ ಹೊತ್ತಿಗೆ ಆತನ ತಲೆ ಮೆಕ್ಯಾನಿಕ್ಕನ ಭುಜಕ್ಕೆ ವಾಲಿತು.

"ಮಲಗಿದ್ರಾ?" ತಂಗಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಮಲಗಿದ್ರು."

"ಕೈ ಬಿಡಬೇಡ ಅಣ್ಣ. ಬಿಟ್ಟರೆ ಚಳಿಗೆ ಎಚ್ಚರ ಆಗುತ್ತೆ."

ಅವನು ಬಿಡಲಿಲ್ಲ.